ಬಿಂದುವಿನಾಚೆಯ ಕನ್ನಡ

1876ರಲ್ಲಿ ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿದ್ದ ಮೆಲ್ವಿಲ್ ಡ್ಯೂಯಿ ಎಂಬ ಇಪ್ಪತ್ತನಾಲ್ಕರ ಯುವಕ ಪುಸ್ತಕಗಳಿಗೆ ನಂಬರು ಕೊಡಲೆಂದು ಜಗತ್ತಿನ ಅಷ್ಟೂ ಜ್ಞಾನವನ್ನು ಹತ್ತು ಪಾಲು ಮಾಡಿದ. ಪಾಲುಪಟ್ಟಿ ಬರೆದವನೇ ದೊಡ್ಡ ಪಾಲು ಇಟ್ಟುಕೊಳ್ಳುವುದು ನಮ್ಮ ಕಡೆಯೂ ಇರುವ ಪದ್ಧತಿ. ಧರ್ಮಕ್ಕೆ ಸಿಕ್ಕಿದ್ದು 200. ಅದರಲ್ಲಿ 220ರಿಂದ 280ರವರೆಗೂ ಬೈಬಲ್ಲು, ಕ್ರೈಸ್ತಧರ್ಮ. ಬುದ್ಧ, ಮಹಾವೀರ, ಪೈಗಂಬರ, ಬಸವಣ್ಣ ಎಲ್ಲರೂ 290ರ ಒಂದೇ ಕೋಣೆಯಲ್ಲಿ ಹೊಂದಿಕೊಂಡು ಮಲಗಬೇಕು. ಜ್ಯೋತಿಷ್ಯವನ್ನು ಒಯ್ದು ದೆವ್ವಭೂತಗಳ ಜೊತೆ 133ರಲ್ಲಿ ಕೂರಿಸಿದ್ದಕ್ಕೆ ಮಾತ್ರ ನನ್ನ ತಕರಾರಿಲ್ಲ.

ಸಾಹಿತ್ಯದಲ್ಲಿ ಅಮೆರಿಕಕ್ಕೆ 810, ಇಂಗ್ಲಿಷಿಗೆ 820. ಆದಿಕವಿ ಪಂಪನ ಮನೆ ನಂಬರು 894.814. ತಮಿಳಿನವರು ಬೀಗುವ ಹಾಗಿಲ್ಲ, ಅವರದು 894.811, ನಮಗಿಂತ ಮೂರೇ ಮೂರು ಸಾವಿರಾಂಶ ಮುಂದೆ. 2008ರಲ್ಲಿ ನಮಗೆ ಶಾಸ್ತ್ರೀಯ ಸ್ಥಾನ ಬಂತು, ಪಟಾಕಿ ಹೊಡೆದೆವು. ಬಿಂದು ಕದಲಲಿಲ್ಲ.

ಹಾಗಂತ ಡ್ಯೂಯಿಯನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ಅವನಿಗಿಂತ ಮೊದಲು ಎಷ್ಟೋ ಕಡೆ ನಂಬರು ಇರುತ್ತಿದ್ದದ್ದು ಕಪಾಟಿಗೆ. ಪುಸ್ತಕ ಯಾವ ಮೂಲೆಗೆ ಬಂದು ಬಿತ್ತೋ ಅದೇ ಅದರ ಗತಿ. ಅವನು ನಂಬರನ್ನು ವಿಷಯಕ್ಕೆ ಕೊಟ್ಟ. ಕಾಫಿ ಬೆಳೆಯ ಒಂದು ಪುಸ್ತಕ ಹುಡುಕಿ ಹೋದ ಕೊಡಗಿನ ಬೆಳೆಗಾರನಿಗೆ 633.73ರಲ್ಲಿ ಕಾಫಿಯ ಮೇಲಿನ ಉಳಿದ ಪುಸ್ತಕಗಳೂ ಪಕ್ಕದಲ್ಲೇ ಸಿಗುತ್ತವೆ, ಯಾರನ್ನೂ ಕೇಳಬೇಕಿಲ್ಲ.

ಮದರಾಸಿನ ಗಣಿತದ ಮೇಷ್ಟ್ರು ಎಸ್. ಆರ್. ರಂಗನಾಥನ್ ಇನ್ನೂ ಮುಂದೆ ಹೋದರು. 1933ರ ಅವರ ಕೋಲನ್ ಪದ್ಧತಿಯಲ್ಲಿ ಒಂದು ವಿಷಯದ ವಸ್ತು, ಕ್ರಿಯೆ, ದೇಶ, ಕಾಲಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಜೋಡಿಸಬಹುದು. ಎಕ್ಸ್‌ರೇಯಿಂದ ಶ್ವಾಸಕೋಶದ ಕ್ಷಯಕ್ಕೆ ಭಾರತದಲ್ಲಿ 1950ರಲ್ಲಿ ನಡೆದ ಚಿಕಿತ್ಸೆಯ ಸಂಶೋಧನೆ ಎಂಬುದಕ್ಕೂ ಒಂದೇ ಸಾಲಿನ ವಿಳಾಸ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಓದುಗನ ಸಮಯ ಉಳಿಸಿ ಎಂಬುದು ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು. ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಹಾಕಿ, ಭಾಷಣ ಕೇಳಿ, ಉಪ್ಪಿಟ್ಟು ಕೇಸರಿಬಾತು ತಿಂದು ನಾವು ಆ ಸೂತ್ರವನ್ನು ಪಾಲಿಸುತ್ತೇವೆ.

ಉಳಿದ ದಿನಗಳಲ್ಲಿ ನಮ್ಮ ಗ್ರಂಥಾಲಯಗಳಲ್ಲಿ ಚಾಲ್ತಿಯಲ್ಲಿರುವುದು ಅಪ್ಪಟ ದೇಶೀ ಪದ್ಧತಿ. ಸಗಟು ಖರೀದಿಯಲ್ಲಿ ಬಂದವು ಹುರಿ ಬಿಚ್ಚದ ಕಟ್ಟಿನಲ್ಲೇ ಒಂದು ವರ್ಗ. ದಾನಿಗಳು ಕೊಟ್ಟವು ದಾನಿಯ ಹೆಸರಿನ ಬೀರುವಿನಲ್ಲಿ. ಅಲ್ಲಿ ಭಗವದ್ಗೀತೆಯೂ ಪಶುವೈದ್ಯವೂ ಅಕ್ಕಪಕ್ಕ, ಏಕೆಂದರೆ ಎರಡರ ದಾನಿಯೂ ಒಬ್ಬನೇ. ಒಳ್ಳೆಯ ಪುಸ್ತಕ ಕಳೆದುಹೋದೀತೆಂದು ಬೀಗ ಹಾಕಿಟ್ಟದ್ದು ಮೂರನೆಯ ವರ್ಗ. ಬೀಗದ ಕೈ ಇರುವವರು ರಜೆಯಲ್ಲಿರುತ್ತಾರೆ. "ಯಾವ ಸಬ್ಜೆಕ್ಟು ಬೇಕು ಸಾರ್?" ಎಂದು ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ, ಅವರು ಹೊಸಬರು.

ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಮುಂದಿನ ಸಲ ರಸೀದಿ ಹಿಡಿದುಕೊಂಡೇ ಹೋಗಿ, ಬೀರು ತೆಗೆಸಿ.