ಮೇಷ್ಟ್ರ ಹಲ್ಲಿ

ನಮ್ಮ ಪಕ್ಕದ ಮನೆಯ ಮೇಷ್ಟ್ರ ಬಳಿ ಆಧಾರ್ ಕಾರ್ಡಿನ ಝೆರಾಕ್ಸ್ ಹದಿನೇಳಿವೆ. ಪಿಂಚಣಿ ಆದೇಶದ್ದು ಐದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದು, ಲ್ಯಾಮಿನೇಟ್ ಮಾಡಿಸಿದ್ದನ್ನು ಬಿಟ್ಟು, ಗೆಜೆಟೆಡ್ ಅಧಿಕಾರಿಯ ಸಹಿ ಮೊಹರು ಸಮೇತ ಒಂಬತ್ತು. ಎಪ್ಪತ್ತು ದಾಟಿದವರ ಅಂಕಪಟ್ಟಿಯನ್ನು ಇನ್ನು ಯಾರು ಕೇಳುತ್ತಾರೆ ಅನ್ನಿ. ಆದರೂ, “ನಾಲ್ಕು ಪ್ರತಿ ಕೈಲಿರಬೇಕು ಕಣಯ್ಯ, ಕಾಲ ಹೇಗಿರುತ್ತೋ!” ಎನ್ನುತ್ತಾರೆ.

ಇಂಥವರು, ಇಪ್ಪತ್ತು ವರ್ಷ ಊರೂರು ಅಲೆದು ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ ಬರೆದ ಪುಸ್ತಕವನ್ನು ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು.

ಸುಮ್ಮನೆ ಇಟ್ಟಿರಲಿಲ್ಲ, ಜೋಪಾನ ಮಾಡಿದ್ದರು. ಸಿಪಿಯುಗೆ ಹೆಂಡತಿಯ ಹಳೇ ಸೀರೆಯ ಗವಸು. ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ. ಆಯುಧಪೂಜೆಯ ದಿನ ಗವಸು ಕಳಚಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಮಂಗಳಾರತಿ. ಪಾಪದ ಯಂತ್ರಕ್ಕೆ ವರ್ಷದಲ್ಲಿ ಸರಿಯಾಗಿ ಗಾಳಿಯಾಡುತ್ತಿದ್ದುದು ಆ ಒಂದು ದಿನ.

“ಬ್ಯಾಕಪ್ ಇದೆಯಾ ಮೇಷ್ಟ್ರೇ?” ಅಂದರೆ ಅವರಿಗೆ ಸಿಟ್ಟು. “ಇಲ್ಲದೆ ಏನು? ಪ್ರತಿ ಭಾನುವಾರ ಸ್ನಾನ ಆದಮೇಲೆ ಸಿ ಡ್ರೈವಿಂದ ಡಿ ಡ್ರೈವಿಗೆ ಕಾಪಿ ಮಾಡ್ತೀನಿ. ಸಿ ಹೋದರೆ ಡಿ ಇರುತ್ತೆ.” ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ, ಬೀರುವಿನ ಮೇಲಿನ ಖಾನೆಯ ಒಡವೆಯನ್ನು ಕೆಳಗಿನ ಖಾನೆಗೆ ಇಟ್ಟ ಹಾಗೆ, ಕಳ್ಳ ಬೀರುವನ್ನೇ ಹೊತ್ತುಕೊಂಡು ಹೋದರೆ ಏನು ಗತಿ ಎಂದೆ. “ನಮ್ಮನೆ ಬೀರುನ ನಾಲ್ಕು ಜನ ಸೇರಿದರೂ ಎತ್ತೋಕಾಗಲ್ಲ” ಎಂದರು. ನಾನು ಕೊಟ್ಟ ಉಪಮೆ ಆ ಬೀರುವಿನಲ್ಲೇ ಸಿಕ್ಕಿಹಾಕಿಕೊಂಡಿತು.

ಒಂದು ಪೆನ್ ಡ್ರೈವ್ ತಂದುಕೊಟ್ಟೆ. ಆರು ತಿಂಗಳ ನಂತರ ವಿಚಾರಿಸಿದರೆ ದೇವರ ಮನೆಯಿಂದ ಅದನ್ನು ತಂದು ತೋರಿಸಿದರು. ಪ್ಯಾಕೆಟ್ಟೇ ಒಡೆದಿರಲಿಲ್ಲ. “ವೈರಸ್ ಬಂದೀತು ಅಂತ ಹಾಕಿಲ್ಲ.” ಇಂಟರ್ನೆಟ್ಟಿನಲ್ಲಾದರೂ ಒಂದು ಪ್ರತಿ ಇಡಿ ಎಂದೆ. “ನಮ್ಮ ಮಾಸ್ತಿಕಲ್ಲನ್ನ ಯಾವನೋ ಅಮೆರಿಕದವನ ಮನೇಲಿ ಯಾಕಿಡಲಿ?”

ಯುಗಾದಿಗೆ ಹದಿನೈದು ದಿನವಿದೆ ಅನ್ನುವಾಗ ಫೋನು ಬಂತು. “ಸ್ವಲ್ಪ ಬಾರಯ್ಯ. ಕಂಪ್ಯೂಟರ್ ಒಳಗೆ ಹಲ್ಲಿ ಸೇರಿಕೊಂಡಿದೆ.”

ಆದದ್ದಿಷ್ಟು. ಮೇಷ್ಟ್ರು ಹೆಂಡತಿಗೆ, “ಈ ಯುಗಾದಿಗೆ ಪುಸ್ತಕ ಮುಗಿದೇ ಮುಗಿಯುತ್ತೆ ಕಣೇ” ಎಂದಿದ್ದಾರೆ. ಒಳಗಿನಿಂದ ಲೊಚ್ ಲೊಚ್ ಎಂದು ಸದ್ದು ಬಂದಿದೆ. ಹಲ್ಲಿ ನುಡಿದರೆ ಸತ್ಯ ತಾನೆ? ಮೇಷ್ಟ್ರು ಸಂತೋಷದಿಂದ ಮೇಜು ತಟ್ಟಿ “ಕೃಷ್ಣ ಕೃಷ್ಣ” ಎಂದಿದ್ದಾರೆ. ಹಲ್ಲಿಯ ಮಾತು ನಿಜವೇ ಆಯಿತು. ಪುಸ್ತಕ ಮುಗಿದಿತ್ತು.

ನಾನು ಕಿವಿಯಿಟ್ಟು ಕೇಳಿದೆ. ಡಿಸ್ಕಿನೊಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ. ಅದರ ಮೇಲೆ, ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿ ಒಂದು ಪಾಲಿನಷ್ಟು ಎತ್ತರದಲ್ಲಿ ತೇಲುವ ಓದುಮುಳ್ಳು. ಅದಕ್ಕೆ ದಾರಿ ಕಾಣದಾದಾಗ ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಲೊಚ್ ಲೊಚ್.

ಆಮೇಲೆ ಕಣ್ಣಿಗೆ ಬಿದ್ದದ್ದು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ. ದುಂಡಗಿನ ಅಕ್ಷರದಲ್ಲಿ ‘ಆನ್ ಆದ ಮೇಲೆ ಎಫ್ 1 ಒತ್ತುವುದು’ ಎಂದಿತ್ತು.

“ಇದೇನು ಮೇಷ್ಟ್ರೇ?”

“ಮೂರು ತಿಂಗಳಿಂದ ಕಪ್ಪು ಪರದೆ ಮೇಲೆ ಏನೋ ಬರುತ್ತೆ. ಎಫ್ 1 ಒತ್ತಿದರೆ ಹೋಗುತ್ತೆ.”

ಕೆಲವು ಡಿಸ್ಕುಗಳು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡು, ನನ್ನ ಕಾಲ ಮುಗಿಯುತ್ತಿದೆ, ಪ್ರತಿ ತೆಗೆದುಕೊಂಡು ನನ್ನನ್ನು ಬದಲಿಸಿ, ಮುಂದುವರಿಯಲು ಎಫ್ 1 ಒತ್ತಿ ಎಂದು ಮೊದಲೇ ಹೇಳುತ್ತವೆ. ಮೇಷ್ಟ್ರು ಆ ನೋಟೀಸಿನ ಕೊನೆಯ ಸಾಲನ್ನು ಮಾತ್ರ ಮೂರು ತಿಂಗಳು ನಿಷ್ಠೆಯಿಂದ ಪಾಲಿಸಿದ್ದರು. ಎಂಥ ಸವೆದ ಕಲ್ಲಿನ ಬರಹವನ್ನೂ ಬಿಡದೆ ಓದುವವರು!

ಅಷ್ಟರಲ್ಲಿ ಬೀದಿಯ ವೈದ್ಯರೆಲ್ಲ ಸೇರಿದ್ದರು. ಎದುರುಮನೆಯವರ ಅಳಿಯ, ಚೆಕ್‌ಡಿಸ್ಕ್ ಓಡಿಸಿ ಎಂದ. ಉಸಿರು ಸಿಕ್ಕಿಕೊಂಡವರನ್ನು ಮೆಟ್ಟಿಲು ಹತ್ತಿಸುವ ಚಿಕಿತ್ಸೆ ಅದು. ಇನ್ನೊಬ್ಬರು ಫ್ರಿಜ್ಜಿನಲ್ಲಿಡಿ, ಸರಿಹೋಗುತ್ತೆ ಎಂದರು. ನಾನು ಕೈಯಲ್ಲಿದ್ದ ಕಾಫಿ ಮುಗಿಸುವುದರೊಳಗೆ ಡಿಸ್ಕು ಇಡ್ಲಿ ಹಿಟ್ಟಿನ ಪಕ್ಕ ಕೂತಾಗಿತ್ತು. ತಣ್ಣಗಾದದ್ದನ್ನು ಈಚೆ ತಂದರೆ ಒಳಗೆ ನೀರಹನಿ ಕಟ್ಟುತ್ತದೆ ಎಂದು ಕೂಗಿಕೊಂಡೆ. ಮೇಷ್ಟ್ರ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದು, “ಹಿಟ್ಟಿಗೇನೂ ಆಗಿಲ್ಲಪ್ಪ” ಎಂದು ಸಮಾಧಾನ ಹೇಳಿದರು.

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಪ್ರತಿ ನವೆಂಬರಿನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವದ ವೇದಿಕೆಯಲ್ಲಿ ಮೇಷ್ಟ್ರದು ಒಂದೇ ಭಾಷಣ: ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ ಕಳೆದುಹೋಗದಿರಲೆಂದು ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಎನ್ನುವಾಗ ಅವರ ಕಂಠ ಬಿಗಿಯುತ್ತದೆ.

“ಮೇಷ್ಟ್ರೇ, ಅತ್ತಿಮಬ್ಬೆ ಸಾವಿರ ಮಾಡಿಸಿದಳು. ನೀವು ಎರಡು ಮಾಡಿಸಬಾರದಿತ್ತಾ?”

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. “ಆಕೆ ದಂಡನಾಯಕನ ಹೆಂಡತಿ ಕಣಯ್ಯ. ನಂದು ಪಿಂಚಣಿ.”

ಮಾರನೆಯ ದಿನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಆಟೋ ಹತ್ತಿದರು. ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್.ಪಿ. ರಸ್ತೆಯ ಒಂದು ಗೂಡಂಗಡಿಯಲ್ಲಿ ಕೂತಿದ್ದ ಹುಡುಗ ನೋಡಿದ ಕೂಡಲೇ, “ಬ್ಯಾಕಪ್ ಇಲ್ವಾ ಸಾರ್?” ಎಂದ. ಮೇಷ್ಟ್ರು ನನ್ನತ್ತ ತಿರುಗಿ, “ಇವನೂ ನಿನ್ನ ಥರದವನೇ” ಎಂದರು. ಹುಡುಗ ಬುದ್ಧಿವಂತ. ಡಿಸ್ಕನ್ನು ರಿಪೇರಿ ಮಾಡಲು ಹೋಗಲಿಲ್ಲ; ಕೆಟ್ಟ ಜಾಗ ಬಂದರೆ ಹಾರಿಸಿ, ಓದಲು ಬಂದಷ್ಟನ್ನು ಮೊದಲು ಬೇರೊಂದು ಡಿಸ್ಕಿಗೆ ಇಳಿಸಿಕೊಂಡ. ಮೂರು ದಿನ ಹಿಡಿಯಿತು.

ಇಳಿದ ಫೈಲೊಂದನ್ನು ತೆರೆದು ತೋರಿಸಿದ. ಪರದೆಯ ತುಂಬ ಕೊಂಬು, ಬಾಲ, ಸೊಟ್ಟ ಗೆರೆ. ಮೇಷ್ಟ್ರು ಕನ್ನಡಕ ಏರಿಸಿ, ಬಗ್ಗಿ, “ಇದು ಯಾವ ಲಿಪಿ? ನಮ್ಮ ಕಡೆಯದಂತೂ ಅಲ್ಲ” ಎಂದರು. ಅದು ಅವರದೇ ಮುನ್ನುಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಅವರು ಬರೆದ ಕನ್ನಡದ ನುಡಿ ಫಾಂಟ್ ಇರಲಿಲ್ಲ.

ಮನೆಗೆ ತಂದು ನೋಡಿದರೆ ‘ಪುಸ್ತಕ’, ‘ಪುಸ್ತಕ ಫೈನಲ್’, ‘ಫೈನಲ್ ಹೊಸದು’, ‘ಇದೇ ಸರಿ’, ‘ಇದೇ ಸರಿ 2’ ಎಲ್ಲದರಲ್ಲೂ ಮೊದಲ ಐದು ಅಧ್ಯಾಯ ಕ್ಷೇಮ. ಆರು, ಏಳು ಇಲ್ಲ. ಮೊಮ್ಮಗನ ನಾಮಕರಣದ ಆಹ್ವಾನಪತ್ರಿಕೆ ಮಾತ್ರ ಹನ್ನೊಂದು ಕಡೆ ಸಿಕ್ಕಿತು.

ಮೇಷ್ಟ್ರು ಗೋಡೆ ನೋಡುತ್ತ ಕೂತರು. ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ, “ರೀ, ಹೋದ ವರ್ಷ ತಿದ್ದೋಕೆ ಅಂತ ಪ್ರಿಂಟ್ ತಂದಿದ್ರಲ್ಲ, ಅದಾ?” ಎಂದರು. ತಿದ್ದಿ ಮುಗಿದ ಹಾಳೆಗಳನ್ನು ಅವರು ಡಬ್ಬಿಗಳ ಕೆಳಗೆ ಹಾಸಿದ್ದರು. ಒಂದೊಂದೇ ಡಬ್ಬಿ ಎತ್ತಿದೆವು. ಆರನೇ ಅಧ್ಯಾಯ ತೊಗರಿಬೇಳೆಯಿಂದ ಹುಣಸೆಹಣ್ಣಿನವರೆಗೆ ಸಲೀಸಾಗಿ ಸಿಕ್ಕಿತು. ಏಳನೆಯದರ ಮೇಲೆ ಎಣ್ಣೆ ಡಬ್ಬಿಯ ವೃತ್ತಗಳಿದ್ದವು. ಮೇಷ್ಟ್ರಿಗೆ ಉಸಿರು ಬಂತು. ಸವೆದ ಬರಹ ಓದುವುದು ಅವರ ಕಸುಬು.

ಹೊಸ ಡಿಸ್ಕಿನ ಜೊತೆ ಹೊರಗೆ ಸಿಕ್ಕಿಸುವ ಇನ್ನೊಂದನ್ನೂ ಕೊಡಿಸಿದೆ. ಯುಗಾದಿಯ ದಿನ ಬೇವು ಬೆಲ್ಲಕ್ಕೆ ಹೋದಾಗ ಕೇಳಿದೆ: “ಬ್ಯಾಕಪ್ ಆಯ್ತಾ ಮೇಷ್ಟ್ರೇ?”

“ಅವತ್ತೇ ಆಯ್ತಯ್ಯ” ಎಂದು ಬೀರು ತೆರೆದರು. ಹೊರಗೆ ಸಿಕ್ಕಿಸುವ ಡಿಸ್ಕು ಪ್ಲಾಸ್ಟಿಕ್ಕಿನೊಳಗೆ, ಸೀಲು ಒಡೆಯದೆ, ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ಅದರ ಮೇಲೆ ವಾರಂಟಿ ಬಿಲ್ಲಿನ ಝೆರಾಕ್ಸ್, ನಾಲ್ಕು.