ಬೇಹುಗಾರಿಕೆಗೆ ಹತ್ತಕ್ಕೆ ಹತ್ತು

ಶ್ರೀರಂಗಪಟ್ಟಣದ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಶಾಲೆಯಲ್ಲಿ ಪ್ರಾಜೆಕ್ಟು ಕೊಟ್ಟಿದ್ದಾರೆ. ವಿಷಯ, ಬೇಹುಗಾರಿಕೆಯ ಲೋಕ. ಇಪ್ಪತ್ತು ಪುಟ. ಸ್ಪೈರಲ್ ಬೈಂಡಿಂಗ್ ಕಡ್ಡಾಯ. ಕಲರ್ ಪ್ರಿಂಟ್ ಇದ್ದರೆ ಹೆಚ್ಚು ಅಂಕ. ನಮ್ಮ ಶಾಲೆಗಳಲ್ಲಿ ಸಂಶೋಧನೆಯ ಆಳ ಅಳೆಯುವುದು ಇಂಕಿನಲ್ಲಿ.

ಹುಡುಗ ಸಂಶೋಧನೆಗೆ ಹೊರಟ. ಅಂದರೆ ಜೆರಾಕ್ಸ್ ಅಂಗಡಿಗೆ ಹೋದ. “ಎಷ್ಟು ಪುಟ ಬೇಕ್ಲಾ?” ಅಂಗಡಿಯಣ್ಣ ಕೇಳಿದ್ದು ಇಷ್ಟೇ. ಹತ್ತು ನಿಮಿಷಕ್ಕೆ ಜೇಮ್ಸ್ ಬಾಂಡ್ ಬಂದ. ಮಾತಾ ಹರಿ ಬಂದಳು. ಸಿಐಎ, ಕೆಜಿಬಿ, ಮೊಸಾದ್ ಒಂದರ ಹಿಂದೊಂದು ಮೆಷಿನ್ನಿನಿಂದ ಬಿಸಿಬಿಸಿಯಾಗಿ ಇಳಿದವು. ಕೊನೆಯಲ್ಲಿ ‘ಕೃತಜ್ಞತೆಗಳು’ ಪುಟ. ಅದೂ ರೆಡಿಮೇಡ್. ಹೆಸರಿನ ಜಾಗ ಮಾತ್ರ ಖಾಲಿ.

ಆ ಅಂಗಡಿಯಿಂದ ಟಿಪ್ಪು ಸತ್ತ ಜಾಗಕ್ಕೆ ನಡೆದೇ ಹೋಗಬಹುದು. ಇಪ್ಪತ್ತು ಪುಟದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಬಾಂಡ್ ಯಾವ ಕಾರು ಓಡಿಸುತ್ತಾನೆ ಅನ್ನುವುದಕ್ಕೆ ಅರ್ಧ ಪುಟ ಇದೆ.

ಮಂಡ್ಯ ಜಿಲ್ಲೆಯ ಮಕ್ಕಳಿಗೆ ಬೇಹುಗಾರಿಕೆ ಕಲಿಸಲು ಲಂಡನ್ ಯಾಕೆ ಬೇಕು? ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರು ಅಂಚೆ ಕಟ್ಟಿದರು. ಹದಿನೇಳನೇ ಶತಮಾನದ ಮಾತು. ಅಂಚೆಯವರ ಕೆಲಸ ಓಲೆ ಸಾಗಿಸುವುದಷ್ಟೇ ಆಗಿರಲಿಲ್ಲ. ತಮ್ಮ ಸೀಮೆಯಲ್ಲಿ ನಡೆದದ್ದನ್ನು ಗುಟ್ಟಾಗಿ ಅರಸರಿಗೆ ಮುಟ್ಟಿಸುವುದೂ ಅವರದೇ ಹೊಣೆ. ಹೈದರಾಲಿ ಬಂದ ಮೇಲೆ ಆ ಜಾಲ ಇನ್ನಷ್ಟು ಹರಡಿತು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಅಂಚೆಯೊಳಗೆ ಕರಗಿತು. ಗುಣ ಕರಗಲಿಲ್ಲ. ಯಾರ ಮನೆಗೆ ಯಾವ ಬ್ಯಾಂಕಿನ ನೋಟಿಸು ಬಂತು ಅನ್ನುವುದು ಇವತ್ತಿಗೂ ವಿಳಾಸದಾರನಿಗಿಂತ ಮೊದಲು ಟೀ ಅಂಗಡಿಗೆ ಗೊತ್ತಿರುತ್ತದೆ.

ಗುಟ್ಟು ಕೆಡಿಸುವುದು ಹೇಗೆ ಅನ್ನುವ ಪಾಠವೂ ಇಲ್ಲೇ ಇದೆ. ಇಂಗ್ಲಿಷರ ವಿರುದ್ಧ ಸೈನ್ಯ ಕೇಳಲು ಟಿಪ್ಪು ಮಾರಿಷಸ್‌ಗೆ ಗುಟ್ಟಾಗಿ ದೂತರನ್ನು ಕಳಿಸಿದ. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು ಅದನ್ನು ಸಾರ್ವಜನಿಕ ಪ್ರಕಟಣೆಯಾಗಿ ಹೊರಡಿಸಿದ. ಟಿಪ್ಪುವಿನ ಪರ ಕಾದಾಡಲು ಜನ ಬೇಕಾಗಿದ್ದಾರೆ, ಬನ್ನಿ ಅಂತ. ಜೂನ್ ಹೊತ್ತಿಗೆ ಅದರ ಪ್ರತಿ ಕಲ್ಕತ್ತೆಯಲ್ಲಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೊಂದು ನೆಪ ಬೇಕಿತ್ತು, ಅಚ್ಚು ಹಾಕಿಸಿಯೇ ಕೊಟ್ಟರು. ಬಂದಿಳಿದ ಸೈನಿಕರು ನೂರರ ಆಸುಪಾಸು. ಮರುವರ್ಷ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಬರೆದ ಕಾಗದವೂ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು.

ಇಂಗ್ಲಿಷರ ಕಡೆ ಗುಪ್ತಚರ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಅಲೆಕ್ಸಾಂಡರ್ ರೀಡ್. ಅವನ ಕೈಕೆಳಗೆ ಅದೇ ಇಲಾಖೆಯಲ್ಲಿ ಪಳಗಿದವನು ಥಾಮಸ್ ಮನ್ರೋ. ರೈತವಾರಿಯ ಮನ್ರೋ ನಮ್ಮ ಮಕ್ಕಳಿಗೆ ಗೊತ್ತು, ಪರೀಕ್ಷೆಗೆ ಬರುತ್ತಾನೆ. ಬೇಹಿನ ಮನ್ರೋ ಗೊತ್ತಿಲ್ಲ.

ಪಾಂಡವಪುರದ ಹುಡುಗನಾಗಿದ್ದರೆ ಇನ್ನೂ ಸುಲಭವಿತ್ತು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಹಿರೋಡೆ ಅದು. ಫ್ರೆಂಚ್ ರಾಕ್ಸ್ ಅಂತಲೇ ಕರೆಸಿಕೊಂಡಿತ್ತು. ಊರಿನ ಹೆಸರಲ್ಲೇ ವಿದೇಶಿ ಕೈವಾಡ! ಈಗ ಅಲ್ಲಿ ಪಾಂಡವರ ವಿಳಾಸ ಎಲ್ಲರಿಗೂ ಗೊತ್ತು. ಕುಂತಿ ಬೆಟ್ಟದಲ್ಲಿ ಯಾರು ಎಲ್ಲಿ ಕೂತಿದ್ದರು ಅಂತ ಕೈ ಮಾಡಿ ತೋರಿಸುತ್ತಾರೆ. ಫ್ರೆಂಚರ ವಿಳಾಸ ಕೇಳಿ ನೋಡಿ.

ಸರಿ, ಹುಡುಗ ಸ್ವಲ್ಪ ಚುರುಕು ಅಂತಿಟ್ಟುಕೊಳ್ಳಿ. ಪಟ್ಟಣಕ್ಕೆ ದ್ರೋಹ ಮಾಡಿದ್ದು ಯಾರು ಅಂತ ಕೇಳುತ್ತಾನೆ. ಅಲ್ಲಿಂದ ದೊಡ್ಡವರಿಗೆ ಬೆವರು.

ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ದ್ರೋಹಿ. ಇದರಲ್ಲಿ ಸರ್ವಪಕ್ಷ ಒಮ್ಮತ. ಇಂಗ್ಲಿಷರು ಕೋಟೆ ಗೋಡೆ ಒಡೆದ ಕಡೆ ಕಾವಲಿದ್ದ ಸೈನಿಕರನ್ನು ಸಂಬಳ ಬಟವಾಡೆಯ ನೆಪದಲ್ಲಿ ಕರೆಸಿಕೊಂಡ ಅನ್ನುವ ಕತೆ ಪಟ್ಟಣದ ಗೈಡುಗಳ, ಟಾಂಗಾದವರ ಬಾಯಲ್ಲಿ ಕಂಠಪಾಠ. ಟಿಪ್ಪು ಸತ್ತ 1799ರ ಮೇ 4ರಂದೇ ಟಿಪ್ಪುವಿನ ಸೈನಿಕರೇ ಅವನನ್ನೂ ಕೊಂದರು. ಅವನ ಪರವಾಗಿ ಮಾತಾಡಲು ಒಂದು ಸಂಘ ಇಲ್ಲ, ಜಯಂತಿ ಇಲ್ಲ, ನಿಗಮ ಮಂಡಳಿ ಇಲ್ಲ. ಬೈಯುವುದಕ್ಕೆ ಬಹಳ ಅನುಕೂಲದ ಮನುಷ್ಯ.

ಪೂರ್ಣಯ್ಯ? ಅವರೂ ಟಿಪ್ಪುವಿನ ಮಂತ್ರಿ. ಕೋಟೆ ಬಿದ್ದ ಮೇಲೆ ಗೆದ್ದವರ ಒಪ್ಪಿಗೆಯಿಂದಲೇ ದಿವಾನ. 1807ರಲ್ಲಿ ಯಳಂದೂರು ಜಹಗೀರು. ಇದಕ್ಕೆ ನಾವು ಆಡಳಿತ ಚಾತುರ್ಯ ಅನ್ನುತ್ತೇವೆ.

ತಿರುಮಲ ರಾಯರು? ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಇಂಗ್ಲಿಷರ ಜೊತೆ ಗುಟ್ಟಾಗಿ ಓಡಾಡಿ, 1782ರಲ್ಲಿ ತಂಜಾವೂರಿನಲ್ಲಿ ಒಪ್ಪಂದವನ್ನೇ ಮಾಡಿಕೊಂಡವರು. ಹೈದರ್ ಇನ್ನೂ ಬದುಕಿದ್ದ. ಇದು ರಾಜನಿಷ್ಠೆ. ಈ ಸಂಚಿಗಾಗಿ ಟಿಪ್ಪು ಅವರ ಬಂಧುಬಳಗದ ಮೇಲೆ ಸೇಡು ತೀರಿಸಿಕೊಂಡ ಅನ್ನುವ ನೆನಪಲ್ಲಿ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯಿಲ್ಲ. ಆ ಮನೆಗಳ ಮುಂದೆ ನನಗೆ ವ್ಯಂಗ್ಯ ಹೊರಡುವುದಿಲ್ಲ. ಹೊರಡುವುದು ಆ ನೋವನ್ನು ಟಿಪ್ಪು ಜಯಂತಿಯ ವಾರ ಮಾತ್ರ ನೆನೆದು ಕಣ್ಣೊರೆಸಿಕೊಳ್ಳುವವರನ್ನು ಕಂಡಾಗ. ಜಯಂತಿಯ ಉಮೇದಿನಲ್ಲಿ ಅಂಥದ್ದೇನೂ ನಡೆದೇ ಇಲ್ಲ ಎಂದು ಒಂದೇ ಮಾತಿಗೆ ಒರೆಸಿಹಾಕುವವರನ್ನು ಕಂಡಾಗ.

ಒಂದೇ ಕೋಟೆ, ಮೂರು ಬಿರುದು. ಯಾರಿಗೆ ಯಾವುದು ಅನ್ನುವುದನ್ನು ದಾಖಲೆ ಹೇಳುವುದಿಲ್ಲ. ಹೇಳುವವನ ಮನೆತನ ಹೇಳುತ್ತದೆ.

ಮನೆತನಕ್ಕೆ ತಕ್ಕ ವೀರ ಚರಿತ್ರೆಯಲ್ಲಿ ಸಿಗದಿದ್ದರೂ ಚಿಂತೆಯಿಲ್ಲ, ಹೊಸಬರನ್ನು ಹುಟ್ಟಿಸಬಹುದು. ಟಿಪ್ಪುವನ್ನು ಕೊಂದ ಸೈನಿಕನ ಹೆಸರು ಗೆದ್ದ ಇಂಗ್ಲಿಷರಿಗೇ ತಿಳಿಯಲಿಲ್ಲ. ಕತ್ತಲಾದ ಮೇಲೆ ಪಂಜು ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದಾಗ ಸುಲ್ತಾನ ಸಿಕ್ಕ. ಆದರೆ 2023ರ ವಿಧಾನಸಭಾ ಚುನಾವಣೆ ಹತ್ತಿರ ಬಂದಾಗ ನಮ್ಮವರಿಗೆ ಕೊಂದವರು ಸಿಕ್ಕಿಬಿಟ್ಟರು. ಉರಿಗೌಡ, ನಂಜೇಗೌಡ. ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಅವರ ಹೆಸರಲ್ಲಿ ಸ್ವಾಗತ ಕಮಾನು ಎದ್ದಿತು. ಗಲಾಟೆಯಾಯಿತು, ಹೆಸರು ಇಳಿಯಿತು. ಆಗ ಸಚಿವರೂ ಆಗಿದ್ದ ನಿರ್ಮಾಪಕ ಮುನಿರತ್ನ ಸಿನಿಮಾ ಮಾಡುತ್ತೇನೆಂದು ಶೀರ್ಷಿಕೆ ನೋಂದಾಯಿಸಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮಧ್ಯೆ ಬಂದು, ಆಧಾರವಿಲ್ಲದೆ ಬೇಡ ಅಂದರು. ಅದೇ ತಿಂಗಳಲ್ಲಿ ಸಿನಿಮಾ ನಿಂತಿತು.

ಟಿಪ್ಪು ಕಾಲದ ದಾಖಲೆಗಳಿಗೆ ಸಿಗದೆ, ಚುನಾವಣೆ ವರ್ಷ ಕಮಾನಿನ ಮೇಲೆ ಕಾಣಿಸಿಕೊಂಡು, ದಾಖಲೆ ಕೇಳಿದ ಕೂಡಲೆ ಮಾಯವಾದ ಇಬ್ಬರು. ಇವರಿಗಿಂತ ನುರಿತ ಗೂಢಚಾರರು ಭೂಮಿ ಮೇಲಿಲ್ಲ. ಹುಡುಗ ಮುಖಪುಟಕ್ಕೆ ಬಾಂಡ್‌ನನ್ನು ಹಾಕಿದ್ದು ಅನ್ಯಾಯ.

ಬೇಹಿನ ಪಠ್ಯ ಬೇಕಿದ್ದರೂ ದೂರ ಹೋಗಬೇಕಿಲ್ಲ. ಪಟ್ಟಣದಿಂದ ಹದಿನೈದು ಕಿಲೋಮೀಟರು ದಾಟಿದರೆ ಮೈಸೂರು. ಚಾಣಕ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ, 1905ರಲ್ಲಿ. 1909ರಲ್ಲಿ ಅಚ್ಚಾಯಿತು. ಬೇಹಿನವರ ಬಗೆಗಳನ್ನು ಎಣಿಸುವಾಗ ಆ ಪುಸ್ತಕ ಎಲ್ಲರಿಗಿಂತ ಮೊದಲು ಹೇಳುವುದು ಯಾರನ್ನು ಗೊತ್ತೆ? ವಿದ್ಯಾರ್ಥಿ ವೇಷದವನನ್ನು. ಸನ್ಯಾಸಿ, ಒಕ್ಕಲು ಮಾಡುವವ, ವ್ಯಾಪಾರಿ ಎಲ್ಲ ಆಮೇಲೆ. ಇದನ್ನು ಓದುವ ತಾಳ್ಮೆ ಯಾರಿಗಿದೆ? ನಮ್ಮಲ್ಲಿ ಚಾಣಕ್ಯ ಅಂದರೆ ಎದುರು ಪಕ್ಷದ ಶಾಸಕರನ್ನು ವಿಮಾನ ಹತ್ತಿಸಿದವನು.

2019ರ ಜುಲೈನಲ್ಲಿ ಹಾಗೆ ಹಾರಿ ಮುಂಬೈ ಹೋಟೆಲ್ ಸೇರಿದವರಲ್ಲಿ ಕೆ.ಆರ್. ಪೇಟೆಯ ಶಾಸಕರೂ ಇದ್ದರು. ಅವರನ್ನು ಕರೆತರಲು ಡಿ.ಕೆ. ಶಿವಕುಮಾರ್ ಅದೇ ಹೋಟೆಲಿನಲ್ಲಿ ರೂಮು ಕಾಯ್ದಿರಿಸಿ ಹೋದರೆ ಬುಕಿಂಗೇ ರದ್ದು. ಮಳೆಯಲ್ಲಿ ಗೇಟಿನ ಹೊರಗೆ ನಿಂತರು. ಅದೇ ಹೊತ್ತಿನಲ್ಲಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಕಾರ್ಯದರ್ಶಿಗಳ ಫೋನ್ ನಂಬರುಗಳು ಪೆಗಾಸಸ್ ಬೇಹು ತಂತ್ರಾಂಶದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವು ಎಂದು 2021ರಲ್ಲಿ ವರದಿಯಾಯಿತು. ಆ ಸರಕಾರವಂತೂ ಬಿತ್ತು. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಆಗಸ್ಟ್‌ನಲ್ಲಿ, ಹಿಂದಿನ ಸರಕಾರದ ಕಾಲದ ಫೋನ್ ಕದ್ದಾಲಿಕೆ ಆರೋಪವನ್ನು ಸಿಬಿಐಗೆ ವಹಿಸಿದರು. ಭಾರೀ ಸದ್ದು.

2024ರ ಲೋಕಸಭಾ ಚುನಾವಣೆಗೆ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರ ಪಕ್ಷಗಳಿಗೂ ಮೈತ್ರಿ. ಕುಮಾರಸ್ವಾಮಿ ಮಂಡ್ಯದ ಸಂಸದರಾದರು, ಕೇಂದ್ರ ಸಚಿವರಾದರು. ದೂರಿದವರು, ದೂರಿಸಿಕೊಂಡವರು ಒಂದೇ ವೇದಿಕೆ, ಒಂದೇ ಮೈಕು. ಕದ್ದು ಕೇಳುವ ಕಷ್ಟವೇ ಬೇಡ, ಪಕ್ಕದಲ್ಲೇ ಕುರ್ಚಿ.

ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ 1988ರಲ್ಲಿ ಕದ್ದಾಲಿಕೆ ಆರೋಪ ಬಂದಾಗ ರಾಜೀನಾಮೆ ಕೊಟ್ಟಿದ್ದರು. ಆಗ ಆರೋಪ ಬಂದರೆ ಕುರ್ಚಿ ಹೋಗುತ್ತಿತ್ತು. ಈಗ ಕುರ್ಚಿ ಬಂದರೆ ಆರೋಪ ಹೋಗುತ್ತದೆ. ಕದ್ದಾಲಿಕೆ ಆಯಿತು, ಇನ್ನು ಬಲೆ. 2025ರ ಮಾರ್ಚ್‌ನಲ್ಲಿ, ಆಗ ಸಚಿವರಾಗಿದ್ದ ಕೆ.ಎನ್. ರಾಜಣ್ಣ ಸದನದಲ್ಲೇ ಎದ್ದು ನಿಂತು, 48 ಮಂದಿ ಹನಿಟ್ರ್ಯಾಪ್‌ಗೆ ಬಿದ್ದಿದ್ದಾರೆ ಅಂದರು. ಆ ಪಟ್ಟಿಯಲ್ಲಿ ತಮ್ಮ ಹೆಸರಿದೆಯೋ ಇಲ್ಲವೋ ಅಂತ ಮತದಾರ ಕೇಳಬೇಕಿಲ್ಲ. ಅಷ್ಟಾದರೂ ಸಮಾಧಾನ.

ದೊಡ್ಡವರ ಬೇಹುಗಾರಿಕೆ ಹಾಳಾಗಲಿ. ಊರಿನದು ನೋಡಿ. ನಮ್ಮ ಜಿಲ್ಲೆಯಲ್ಲಿ ಒಬ್ಬ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಕ್ಲಾಸಿನ ಹುಡುಗನ ಜೊತೆ ಎರಡು ಮಾತಾಡಿದರೆ, ಅವಳು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿರುತ್ತದೆ. ಯಾರ ಮಗ, ಯಾವ ಜಾತಿ, ಬೈಕಿನ ನಂಬರು ಸಮೇತ. “ನಿಮ್ ಒಳ್ಳೇದುಕ್ಕೇ ಯೋಳ್ತಿವ್ನಿ ಕಣಣ್ಣೋ” ಅನ್ನುವ ಪೀಠಿಕೆ ಸಮೇತ. ಮೊಸಾದ್‌ಗೂ ಇಷ್ಟು ಚುರುಕಿಲ್ಲ.

ಅದೇ ಹುಡುಗಿ ಹುಟ್ಟುವ ಮುಂಚೆ? ಆಗ ಊರಿಗೆ ಕಣ್ಣೇ ಇರುವುದಿಲ್ಲ. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದುದು ಬಯಲಾಯಿತು. ಬಯಲು ಮಾಡಿದ್ದು ಊರಿನವರಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಯಾರ ಗದ್ದೆಯ ಕಬ್ಬು ಯಾವ ಆಲೆಮನೆಗೆ ಹೋಯಿತು, ಎಷ್ಟು ಅಚ್ಚು ಬೆಲ್ಲ ಇಳಿಯಿತು ಅಂತ ಬೆರಳ ತುದಿಯಲ್ಲಿ ಲೆಕ್ಕ ಇಡುವ ಜನಕ್ಕೆ, ಕಬ್ಬಿಲ್ಲದೆ ಬಸುರಿಯರನ್ನು ಕೂರಿಸಿಕೊಂಡು ಆಲೆಮನೆಗೆ ಬಂದ ಕಾರುಗಳು ಕಾಣಲಿಲ್ಲವಂತೆ.

2024ರ ಮೇನಲ್ಲಿ ಪಾಂಡವಪುರ. ಆರೋಗ್ಯ ಇಲಾಖೆಯ ಕ್ವಾರ್ಟರ್ಸಿನಲ್ಲೇ ಅಕ್ರಮ ಗರ್ಭಪಾತ. ಅಲ್ಲೂ ದಾಳಿಯಾಗುವವರೆಗೆ ಅಕ್ಕಪಕ್ಕದ ಯಾವ ಕಿಟಕಿಗೂ ಏನೂ ಕಾಣಲಿಲ್ಲ. ಸುಳಿವು ಕೊಟ್ಟವರಿಗೆ ಸರಕಾರ ಬಹುಮಾನ ಇಟ್ಟಿದೆ. ಬಸ್ ಸ್ಟ್ಯಾಂಡಿನ ಸುದ್ದಿಯನ್ನು ಬಿಟ್ಟಿಯಾಗಿ, ಮನೆ ಬಾಗಿಲಿಗೇ ತಂದುಕೊಡುವ ಜನ, ದುಡ್ಡು ಕೊಡುತ್ತೇವೆ ಅಂದರೂ ಇದನ್ನು ಬಾಯಿಬಿಡುವುದಿಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಕಾರಿನಲ್ಲಿ ಕೂತಿದ್ದವಳು ಯಾರದೋ ಸೊಸೆ. ಕೂರಿಸಿದವರು ಮರ್ಯಾದಸ್ಥರು. ಮದುವೆ ಮನೆಯಲ್ಲಿ ಎದುರಾಗುವವರು.

ಹುಡುಗ ಇದಿಷ್ಟನ್ನೂ ಬರೆದ ಅಂತಿಟ್ಟುಕೊಳ್ಳಿ. ಮೇಷ್ಟ್ರು ಮೊದಲು ಬಾಗಿಲು ಹಾಕುತ್ತಾರೆ. “ಇವೆಲ್ಲ ಯಾಕಪ್ಪ ನಿಂಗೆ?” ಅನ್ನುತ್ತಾರೆ. ಪೋಷಕರೊಬ್ಬರು ಒಂದು ಪುಟದ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕುತ್ತಾರೆ. ಸಂಜೆಗೆ ಒಂದು ಸಂಘಟನೆ ಶಾಲೆ ಗೇಟಿನ ಮುಂದೆ. ಮರುದಿನ ಅದರ ವಿರುದ್ಧದ ಇನ್ನೊಂದು. ಬಿಇಒ ಕಚೇರಿಯಿಂದ ಕಾರಣ ಕೇಳಿ ನೋಟಿಸು. ಜೇಮ್ಸ್ ಬಾಂಡ್‌ಗೆ ಜಾತಿಯಿಲ್ಲ, ಮಠವಿಲ್ಲ, ಮಂಡ್ಯದಲ್ಲಿ ಮತವಿಲ್ಲ. ಆದ್ದರಿಂದ ಅವನಿಗೆ ಹತ್ತಕ್ಕೆ ಹತ್ತು.

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸಂಕಟ ಅರ್ಥವಾಗುತ್ತದೆ. ಒಂದು ಉಪಕಾರ ಮಾಡಿ. ಅಂಕ ಹಾಕುವ ಮುಂಚೆ ಪ್ರತಿ ಪುಟದ ಮೇಲೆ ಬೆರಳಿಟ್ಟು, ಇದಕ್ಕೆ ಆಧಾರ ಎಲ್ಲಿ ಅಂತ ಕೇಳಿ. ಮಕ್ಕಳನ್ನು ಕೇಳಲು ಮನಸ್ಸಾಗದಿದ್ದರೆ ಬಿಡಿ. ಬಹುಮಾನ ಕೊಡಲು ಬರುವ ಮುಖ್ಯ ಅತಿಥಿಗಳನ್ನಾದರೂ ಕೇಳಿ, ಅವರ ಭಾಷಣ ಮುಗಿದ ಮೇಲೆ, ಮೈಕ್ ಆಫ್ ಆಗುವ ಮುಂಚೆ.