ಚಾಂಪಿಯನ್ ರೀಫ್ಸ್ ಕೀಟಾಹಾರಿ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರೆಂಬುದು ಮೊದಲು ನಿರ್ಣಯವಾಗಬೇಕು. ಹುಳ ತಿನ್ನುವ ಗಿಡವನ್ನು ಮನೆಯಲ್ಲಿ ಸಾಕುವ ಶಾಸ್ತ್ರಕ್ಕೆ ಅಧಿಕಾರಿ ಎಂದರೆ ಕೈ ಕಟ್ಟಿ ಕೂರಬಲ್ಲವನು. ಗೊಬ್ಬರ ಹಾಕದೆ, ಬುಡ ಕೆದಕದೆ, ಗಿಡದ ಬಾಯಿಗೆ ಬೆರಳಿಡದೆ, ‘ಪಾಪ, ಇವತ್ತೇನಾದ್ರೂ ತಿಂತಾ?’ ಎಂದು ಹೊತ್ತಿಗೊಮ್ಮೆ ವಿಚಾರಿಸದೆ ಇರಬಲ್ಲ ಗೃಹಸ್ಥ. ಇಂಥವರು ಎಲ್ಲಿ ಸಿಗುತ್ತಾರೆಂದು ಹೊರಟರೆ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿಯಬೇಕಾಗುತ್ತದೆ. ಇಲ್ಲಿನ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಎಂದು ಊರು ಅಂದಿನಿಂದ ಕಾಯುತ್ತಿದೆ. ಕಾಯುವ ವಿದ್ಯೆಯಲ್ಲಿ ಈ ಊರಿಗೆ ಪಾಠ ಹೇಳುವ ಗಿಡ ಇನ್ನೂ ಹುಟ್ಟಿಲ್ಲ.

ಪೂರ್ವಪಕ್ಷಿಗಳು ಈ ಊರಿನ ಪರವಾಗಿ ಇನ್ನೊಂದು ಕಾರಣ ಒಡ್ಡುತ್ತಾರೆ. ಕೀಟಾಹಾರಿಗಳು ಸತ್ವವಿಲ್ಲದ ನೆಲದ ಸಂತಾನ. ಬೇರಿಗೆ ದಕ್ಕದ ಸಾರಜನಕವನ್ನು ನೊಣದಿಂದ ವಸೂಲಿ ಮಾಡುವುದೇ ಅವುಗಳ ಕುಲಕಸುಬು. ಸತ್ವವಿಲ್ಲದ ನೆಲಕ್ಕೆ ಇಲ್ಲಿ ಬರವೇ? ಚಿನ್ನ ತೆಗೆದು ಸುರಿದ ಪುಡಿಯೇ 3 ಕೋಟಿ ಟನ್ನಿಗೂ ಮಿಕ್ಕಿ ಸೈನೈಡ್ ಗುಡ್ಡಗಳಾಗಿ ನಿಂತಿದೆ. ಸಿನಿಮಾದವರಿಗೆ ಒದಗಿಬಂದ ಗುಡ್ಡ ನಮ್ಮದೊಂದು ಕುಂಡಕ್ಕೆ ಒದಗದೇ?

ಒದಗದು. ಬಡತನದಲ್ಲೂ ಪಂಗಡಗಳಿವೆ. ಗಿಡ ಕೇಳುವುದು ಜೌಗಿನ ಬಡತನ: ಮಳೆ ತೊಳೆದೂ ತೊಳೆದೂ ಲವಣವೆಲ್ಲ ಹರಿದುಹೋಗಿ ಹುಳಿಯೇರಿದ ನೆಲ. ಗುಡ್ಡದ್ದು ಮಿಲ್ಲಿನ ಬಡತನ: ಬಂಡೆಯನ್ನು ಹಿಟ್ಟು ಮಾಡಿ, ಅದರ ಹೊಟ್ಟೆಯಲ್ಲಿದ್ದ ಖನಿಜವನ್ನೆಲ್ಲ ಹೊರಗೆ ಹರವಿದ್ದು. ಆದ್ದರಿಂದ ಸ್ಫ್ಯಾಗ್ನಮ್ ಪಾಚಿಯನ್ನೂ ಪರ್ಲೈಟನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳತಕ್ಕದ್ದು. ಅಗ್ಗವೆಂದು ತೆಂಗಿನ ನಾರಿನ ಪುಡಿಗೆ ಕೈ ಹಾಕಿದವರು ಅದನ್ನು ನಾಲ್ಕಾರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು. ಕೆಮ್ಮಣ್ಣು, ಸಗಣಿ, ಎರೆಗೊಬ್ಬರಗಳ ಹೆಸರನ್ನು ಗಿಡದ ಎದುರು ಎತ್ತಲೂಬಾರದು. ಮಣ್ಣಿನ ಅಧ್ಯಾಯ ಇಷ್ಟೇ.

ಪ್ರಸ್ತುತ ಪ್ರಬಂಧದ ಮೂಲ ಕೊಡುಗೆ ಇನ್ನು ಮುಂದಿದೆ. ಚಾಂಪಿಯನ್ ರೀಫ್ಸ್‌ನಲ್ಲಿ ಮೊಟ್ಟಮೊದಲ ಫ್ಲೈಟ್ರ್ಯಾಪ್ ಊರಿದವರು ನರ್ಸರಿಯವರಲ್ಲ, ಭೌತವಿಜ್ಞಾನಿಗಳು. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಈ ಗಣಿಗಳಿಗೆ ಇಳಿದು ನೆಲದಾಳದ ವಿಶ್ವಕಿರಣಗಳನ್ನು ಎಣಿಸತೊಡಗಿದರು. ಆಳಕ್ಕೆ ಹೋದಷ್ಟೂ ಎಣಿಕೆ ಸಣ್ಣದಾಯಿತು. ಮುಂದಿನ ದಶಕದಲ್ಲಿ ತೀರಾ ಆಳದಲ್ಲಿಟ್ಟ ಉಪಕರಣಕ್ಕೆ ಎರಡು ತಿಂಗಳು ಕಳೆದರೂ ಒಂದೇ ಒಂದು ಕಿರಣವೂ ಬೀಳಲಿಲ್ಲ. ನಾವು ನೀವಾಗಿದ್ದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಿದ್ದೆವು. ಅವರಿಗೆ ಹೊಳೆದದ್ದು ಬೇರೆ: ಕಸ ಬೀಳದ ಜಾಗವೇ ಬಲೆಗೆ ಸರಿಯಾದ ಜಾಗ! 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ಈ ಮೂರೂ ಕಡೆಯವರು ಸೇರಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಬಲೆ ಒಡ್ಡಿದರು. ಎರಡು ಬದಿಗೂ ಸಿಂಟಿಲೇಟರಿನ ಗೋಡೆ, ನಡುವೆ ಸೀಸದ ಪದರ, ನಿಯಾನ್ ಕೊಳವೆಗಳು. ಒಂದು ಗೋಡೆ ಮಾತ್ರ ಮಿನುಗಿದರೆ ಲೆಕ್ಕಕ್ಕಿಲ್ಲ. ಎರಡೂ ಜೊತೆಗೆ ಮಿನುಗಿದರೆ ಏನೋ ಬಿತ್ತೆಂದು ಅರ್ಥ. ಅದೇ ವರ್ಷ ಬಿದ್ದೂ ಬಿತ್ತು: ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಬಂಡೆಗೆ ಬಡಿದು ಬಿಟ್ಟ ಗುರುತು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಆ ವರ್ಷವೇ ಬಿತ್ತು. ಅದೂ ಚಿನ್ನದ ಗಣಿಯೇ. ಈ ಅಂಶ ಪ್ರತ್ಯೇಕ ಪ್ರಬಂಧವನ್ನು ಬೇಡುತ್ತದೆ.

ಈಗ ವೀನಸ್ ಫ್ಲೈಟ್ರ್ಯಾಪಿನ ಎಲೆಯನ್ನು ಬಗ್ಗಿ ನೋಡಿ. ಒಂದೊಂದು ಬದಿಗೂ ಸಾಮಾನ್ಯವಾಗಿ ಮೂರು ರೋಮ. ಒಂದನ್ನು ಒಮ್ಮೆ ಮುಟ್ಟಿದರೆ ಎಲೆ ಕದಲುವುದಿಲ್ಲ, ಗಾಳಿಯಿರಬಹುದು, ಮಳೆಹನಿಯಿರಬಹುದು. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಇನ್ನೊಮ್ಮೆ ತಗುಲಿತೋ, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಬಾಯಿ ಮುಚ್ಚುತ್ತದೆ. ಮುಚ್ಚಿದ ಮೇಲೂ ಒಳಗೆ ಒದ್ದಾಟ ನಡೆದರೆ ಮಾತ್ರ ಜೀರ್ಣರಸ ಸುರಿಯುವುದು. ಗಿಡ ಹೀಗೆ ಎಣಿಸುತ್ತದೆ ಎಂಬುದನ್ನು ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿಕೊಟ್ಟರು. ಚಾಂಪಿಯನ್ ರೀಫ್ಸ್‌ನವರು ಐವತ್ತು ವರ್ಷ ಮೊದಲೇ ತೋರಿಸಿದ್ದರು. ಗಿಡದ ಬಳಿ ಅಲ್ಲ ಅಷ್ಟೆ. ಗಣಿ ಗಿಡದಿಂದ ಕಲಿಯಿತೋ, ಗಿಡ ಗಣಿಯಿಂದ ಕಲಿಯಿತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಈವರೆಗೆ ನಡೆದಿಲ್ಲ. ನಡೆಸತಕ್ಕದ್ದು.

ಇಷ್ಟು ಹೊಗಳಿದ ಮೇಲೆ ಸಿದ್ಧಾಂತ: ಫ್ಲೈಟ್ರ್ಯಾಪ್ ಕೊಳ್ಳಬೇಡಿ. ಅದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಜೌಗಿನ ಕೂಸು. ವರ್ಷಕ್ಕೆ ಮೂರು ತಿಂಗಳು 10 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಮಲಗದಿದ್ದರೆ ಸೊರಗಿ ಸಾಯುತ್ತದೆ. ನಮ್ಮ ಮಾರ್ಗಶಿರದ ಚಳಿ ಮಂಕಿ ಟೋಪಿ ಹಾಕಿಸೀತೇ ಹೊರತು ಗಿಡವನ್ನು ಮಲಗಿಸಲಾರದು. ಹಟಮಾರಿಗಳು ಗಿಡವನ್ನು ಪಾಚಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಮಲಗಿಸುವುದುಂಟು. ಆ ಮಾರ್ಗದ ಅಪಾಯ ಈ ಸಂವಾದದಲ್ಲಿದೆ.

“ಅತ್ತೆ, ಕೆಳಗಿನ ಡಬ್ಬೀಲಿ ಒಂದು ಗಿಡ ಇತ್ತಲ್ಲ?”

“ಅದಾ? ಬಾಡಿ ಹೋಗಿತ್ತು ಕಣಮ್ಮ. ಬಸ್ಸಾರಿಗೆ ಹಾಕ್ದೆ.”

ಹಾಗಾದರೆ ಯಾವುದನ್ನು ಕೊಳ್ಳುವುದು? ಡ್ರೊಸೆರಾ ಬರ್ಮಾನಿ ನಮ್ಮ ರಾಜ್ಯದ್ದೇ ಗಿಡ. ಮಳೆಗಾಲದ ತೇವದ ಮರಳು ನೆಲದಲ್ಲಿ ತಾನಾಗಿ ಏಳುತ್ತದೆ, ಬೀಜ ಚೆಲ್ಲಿ ಒಣಗುತ್ತದೆ. ಕಾಡಿನಿಂದ ಕೀಳದೆ ಬೀಜದಿಂದ ಬೆಳೆಸಿ. ರೂಪಾಯಿ ನಾಣ್ಯದಗಲ ನೆಲಕ್ಕಂಟಿ ಕೂತ ಕೆಂಪು ಎಲೆಗಳು, ಒಂದೊಂದು ರೋಮದ ತುದಿಯಲ್ಲೂ ಒಂದು ಅಂಟುಹನಿ. ಇರುವೆ ಅದರ ಮೇಲೆ ಕಾಲಿಟ್ಟು ಎತ್ತಿದಾಗ ಕಾಲಿನ ಜೊತೆ ಅಂಟು ದಾರವಾಗಿ ಮೇಲೇಳುತ್ತದೆ. ಇನ್ನೊಂದು ಕಾಲು ಊರಿ ಬಿಡಿಸಿಕೊಳ್ಳಲು ನೋಡುತ್ತದೆ, ಅದೂ ಅಂಟುತ್ತದೆ. ಅಷ್ಟರಲ್ಲಿ ಅಂಚಿನ ಉದ್ದ ರೋಮಗಳು ಕ್ಷಣಗಳಲ್ಲೇ ಒಳಕ್ಕೆ ಮಡಚಿರುತ್ತವೆ. ಹೂಜಿ ಗಿಡ ಬೇಕೆನ್ನುವವರು ಮೇಘಾಲಯದ ನೆಪೆಂಥಿಸ್ ಖಾಸಿಯಾನಾಕ್ಕೆ ಆಸೆಪಡಬಾರದು. ಅದಕ್ಕೆ ಕಾನೂನಿನ ರಕ್ಷಣೆಯಿದೆ. ನರ್ಸರಿಯ ಮಿಶ್ರತಳಿ ವೆಂಟ್ರಾಟಾ ಸಾಕು. ಗಾಳಿಯಲ್ಲಿ ಪಸೆ ಬೇಡುವ ಗಿಡ, ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಪಸೆಯಿರುವ ಜಾಗ ನೀರಿನ ಡ್ರಮ್ಮಿನ ಮಗ್ಗುಲು. ಅಲ್ಲಿ ಬೆಳಕೂ ಇದ್ದರೆ ಅಲ್ಲೇ ತೂಗುಹಾಕಿ. ಡ್ರೊಸೆರಾಕ್ಕೆ ಮಾತ್ರ ನೇರ ಬಿಸಿಲೇ ಬೇಕು.

ಇನ್ನು ನೀರು. ಮತಭೇದಗಳೆಲ್ಲ ಇಲ್ಲಿವೆ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಬ್ರಿಟಿಷರ ಕಾಲದಿಂದ ಬೇತಮಂಗಲದ ಕೆರೆಯ ನೀರು, ಅದು ಬತ್ತಿದಾಗ ಸಾವಿರ ಅಡಿಯ ಬೋರು, ಬೋರಿನ ನೀರು ಕಾಯಿಸಿದ ಪಾತ್ರೆಗೆಲ್ಲ ಬಿಳಿ ಕರೆ. ಗಿಡಕ್ಕಾದರೋ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 50ರೊಳಗಿರುವ ನೀರು ಬೇಕು. ನಲ್ಲಿಪಂಥದವರು ‘ನಾವು ಕುಡಿಯಲ್ವಾ?’ ಎನ್ನುತ್ತಾರೆ. ಅವರ ಗಿಡ ಒಂದೆರಡು ತಿಂಗಳಲ್ಲಿ ಕಪ್ಪಾಗುತ್ತದೆ, ವಾದ ಮುಂದುವರಿಯುತ್ತದೆ. ಪಾನಿಪೂರಿಪಂಥ ಬಂಗಾರಪೇಟೆಯಲ್ಲಿ ಪ್ರಬಲ. ಆ ಊರಿನ ಪಾನಿಪೂರಿಯ ನೀರು ಬಣ್ಣವೇ ಇಲ್ಲದೆ ಲೋಟದ ತಳ ಕಾಣುವಷ್ಟು ತಿಳಿ. ತಿಳಿಯಾದದ್ದೇ ಶುದ್ಧ ಎಂಬುದು ಅವರ ಪ್ರಮಾಣ. ಒಂದು ಪೂರಿ ಬಾಯಿಗಿಟ್ಟ ಕೂಡಲೇ ಖಾರ ನೆತ್ತಿಗೇರಿ ಈ ಪ್ರಮಾಣ ಖಂಡಿತವಾಗುತ್ತದೆ. ಕಾಣದ್ದೆಲ್ಲ ಇಲ್ಲದ್ದಲ್ಲ, ಕರಗಿದ ಉಪ್ಪಂತೂ ಅಲ್ಲವೇ ಅಲ್ಲ. ನಾಣ್ಯ ಹಾಕಿ ಕ್ಯಾನು ತುಂಬಿಸುವ ಘಟಕದ ಆರ್‌ಓ ನೀರು ಬಹುಮಟ್ಟಿಗೆ ಸರಿ, ಆದರೆ ಮೀಟರ್ ಅದ್ದಿ ನೋಡಬೇಕು. ಪರಮ ಪ್ರಮಾಣವೆಂದರೆ ಮಳೆನೀರು. ಮೊದಲ ಮಳೆ ಶೀಟಿನ ಮೇಲಿನ ಗುಡ್ಡದ ಧೂಳನ್ನೂ ಹೊತ್ತು ತರುವುದರಿಂದ ಅದನ್ನು ಬಿಟ್ಟುಬಿಡಿ. ಎರಡನೆಯ ಮಳೆಯಿಂದ ಬಿಂದಿಗೆ ಇಡಿ.

ಆಹಾರದ ವಿಚಾರ ಬರೆಯಲೇಬಾರದೆಂದಿದ್ದೆವು, ಪಕ್ಕದ ಮನೆಯವರು ಬಿಡಲಿಲ್ಲ. ಮಾಂಸಾಹಾರಿ ಎಂದು ಕೇಳಿದವರು ಭಾನುವಾರ ಬಿರಿಯಾನಿಯ ತುಣುಕು ಹಿಡಿದು ಬರುತ್ತಾರೆ: “ಒಂದ್ ಪೀಸ್ ಹಾಕಿ ನೋಡಣ್ಣಾ, ಚೆನ್ನಾಗ್ ಬೆಂದಿದೆ.” ಬೆಂದದ್ದು, ಎಣ್ಣೆ ಕಂಡದ್ದು, ಉಪ್ಪು ಮುಟ್ಟಿದ್ದು ಯಾವುದನ್ನೂ ಗಿಡ ಅರಗಿಸದು, ತುಂಡಿನ ಜೊತೆ ಎಲೆಯೂ ಕೊಳೆಯುತ್ತದೆ. ಬಿಸಿಲಿನಲ್ಲಿಟ್ಟರೆ ತನ್ನ ಊಟ ತಾನೇ ಹಿಡಿದುಕೊಳ್ಳುತ್ತದೆ. ಪೀಸನ್ನು ಅಧಿಕಾರಿಯೇ ಸ್ವೀಕರಿಸಬಹುದು, ದೋಷವಿಲ್ಲ.

ಫಲಶ್ರುತಿ. ಈ ಗಿಡ ಸಾಕಿದ ಮನೆಯಲ್ಲಿ ಸೊಳ್ಳೆ ಇರುವುದಿಲ್ಲ ಎನ್ನುವುದು ಮಾರುವವರ ಮತ. ಫ್ಲೈಟ್ರ್ಯಾಪಿನ ಒಂದು ಎಲೆ ಒಂದು ನೊಣ ಅರಗಿಸಲು ವಾರದ ಮೇಲೆ ಹಿಡಿಯುತ್ತದೆ; ಅಂಥ ಮೂರೋ ನಾಲ್ಕೋ ಊಟಕ್ಕೆ ಎಲೆಯ ಆಯುಸ್ಸೇ ಮುಗಿಯುತ್ತದೆ. ಡ್ರೊಸೆರಾದ ಲೆಕ್ಕವೂ ಇದಕ್ಕಿಂತ ಬಹಳ ದೊಡ್ಡದಲ್ಲ. ಈ ನಡುವೆ ಅದರ ಕುಂಡದ ಕೆಳಗೆ ತಟ್ಟೆಯಲ್ಲಿ ಸದಾ ಒಂದು ಬೆರಳು ನೀರು ನಿಂತಿರಬೇಕೆಂಬುದು ಶಾಸ್ತ್ರವಿಧಿ. ಡೆಂಗಿ ಕಾಲದಲ್ಲಿ ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆ ಆ ತಟ್ಟೆಯನ್ನು ಹೊರಗೆಳೆಯುತ್ತಾರೆ.

“ನೀರು ನಿಲ್ಲಿಸ್ಬೇಡಿ ಅಂತ ಹೋದ ಸಲಾನೇ ಹೇಳಿದ್ನಲ್ಲಣ್ಣಾ?”

“ಇದು ಸೊಳ್ಳೆ ತಿನ್ನೋ ಗಿಡ ಅಕ್ಕಾ.”

ಆಕೆ ಮಾತಾಡದೆ ಟಾರ್ಚು ಬಿಡುತ್ತಾರೆ. ತಟ್ಟೆಯಲ್ಲಿ ಹುಳುಗಳು ಕೊಂಕಿ ಕೊಂಕಿ ಈಜುತ್ತಿರುತ್ತವೆ. ನಾಲ್ಕು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಹೊಸದು ತುಂಬಿ.